ಮಾವನ ಮಗ ಏನಾಗಬೇಕು?

ಬ್ಯಾಂಕ್ ಆಫೀಸರ್ ಪರೀಕ್ಷೆಯಲ್ಲಿ ರಕ್ತಸಂಬಂಧದ ಪ್ರಶ್ನೆಗಳು ಅಂತ ಬರುತ್ತವೆ. ಒಬ್ಬ ಹೆಂಗಸು ಫೋಟೋ ತೋರಿಸಿ, ‘ಇವನು ನನ್ನ ತಾಯಿಯ ಒಬ್ಬನೇ ತಮ್ಮನ ಮಗ’ ಅನ್ನುತ್ತಾಳೆ. ಹಾಗಾದರೆ ಅವನು ಅವಳಿಗೆ ಏನಾಗಬೇಕು? ಇಡೀ ಪತ್ರಿಕೆಯಲ್ಲಿ ಇಷ್ಟು ಸುಲಭದ ಅಂಕ ಬೇರೆ ಇಲ್ಲ ಎಂದು ನಮ್ಮ ಕೋಚಿಂಗ್ ಮೇಷ್ಟ್ರು ಹೇಳುತ್ತಿದ್ದರು. ನಾನು ಪ್ರತಿ ಸಲ ಅಂಕ ಕಳೆದುಕೊಳ್ಳುತ್ತಿದ್ದುದು ಅಲ್ಲೇ.

ತಪ್ಪು ನನ್ನದಲ್ಲ. ಬಿಂಡಿಗನವಿಲೆ ಪಕ್ಕದ ನಮ್ಮೂರಿನಲ್ಲಿ ‘ಕಸಿನ್’ ಅನ್ನುವ ಪ್ರಾಣಿಯೇ ಇಲ್ಲ. ದೊಡ್ಡಪ್ಪನ ಮಗ ಅಣ್ಣ, ಅವನ ತಟ್ಟೆಗೇ ಕೈಹಾಕಿ ತಿನ್ನಬಹುದು. ಮಾವನ ಮಗ ಭಾವ, ಅವನು ಬಂದರೆ ಎದ್ದು ಒಳಗೆ ಹೋಗಬೇಕು. ಪರೀಕ್ಷೆಯವರು ಈ ಇಬ್ಬರನ್ನೂ ಒಂದೇ ಮೂಟೆಗೆ ತುಂಬಿ ಬಾಯಿ ಹೊಲಿದುಬಿಟ್ಟಿದ್ದರು. ಸಾಲದ್ದಕ್ಕೆ ನನ್ನ ಅಪ್ಪ ನನ್ನ ಅಮ್ಮನಿಗೆ ಸ್ವಂತ ಸೋದರಮಾವ. ಅಂದರೆ ಅಮ್ಮನ ಅಮ್ಮ ನನಗೆ ಅಜ್ಜಿಯೂ ಹೌದು, ಅಪ್ಪನ ಅಕ್ಕನಾದ್ದರಿಂದ ಸೋದರತ್ತೆಯೂ ಹೌದು. ಅಭ್ಯಾಸಕ್ಕೆ ನಿಮ್ಮ ನಿಮ್ಮ ಮನೆಯ ವಂಶವೃಕ್ಷ ಬರೆಯಿರಿ ಎಂದು ಮೇಷ್ಟ್ರು ಹೇಳಿದಾಗ ಎಲ್ಲರದೂ ಮರದ ಹಾಗೆ ಕೊಂಬೆ ಚಾಚಿತು, ನನ್ನದು ಹಗ್ಗದ ಹಾಗೆ ಸುತ್ತಿಕೊಂಡಿತು. ಮೇಷ್ಟ್ರು ಅದನ್ನು ಬಹಳ ಹೊತ್ತು ನೋಡಿ, ನೀನು ಈ ಪ್ರಶ್ನೆಗಳನ್ನು ಬಿಟ್ಟುಬಿಡಮ್ಮ ಅಂದರು.

ಬಿಡುವ ಹಾಗಿರಲಿಲ್ಲ. ಒಂದೊಂದು ಅಂಕವೂ ನನ್ನ ಕೊರಳಿಗೆ ಬೀಳುವ ತಾಳಿಯ ಪ್ರಶ್ನೆಯಾಗಿತ್ತು. ಈ ಸಲವೂ ಫೇಲಾದರೆ ಬರುವ ವೈಶಾಖದಲ್ಲಿ ಪಾಂಡವಪುರದ ಮಾವನ ಮಗನಿಗೆ ಧಾರೆ ಎಂದು ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ. ಪಾಸಾದರೆ? ಮುಂದಿನದು ಮುಂದೆ ಅಂದಿದ್ದ. ಆ ಮಾತಿಗೆ ನನಗೆ ಬೇಕಾದ ಅರ್ಥ ಕೊಟ್ಟುಕೊಂಡು ನಾನು ಓದಲು ಕೂತೆ.

ಭಾವನಲ್ಲಿ ಐಬು ಏನೂ ಇರಲಿಲ್ಲ. ಕಬ್ಬಿನ ಗದ್ದೆ, ಒಂದು ಟ್ರಾಕ್ಟರು, ಕುಡಿತವಿಲ್ಲ, ಜೂಜಿಲ್ಲ. ಆದರೆ ಚಿಕ್ಕಂದಿನಲ್ಲಿ ನಮಗಿಬ್ಬರಿಗೂ ಒಟ್ಟಿಗೆ ಸೀತಾಳೆ ಸಿಡುಬು ಎದ್ದಾಗ ಒಂದೇ ಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದರು. ಮೈಯೆಲ್ಲ ಪರಚಿಕೊಂಡು ಅವನು ಕಿರುಚುತ್ತಿದ್ದುದನ್ನು ಕಂಡವಳಿಗೆ ಅವನನ್ನು ಗಂಡ ಅಂದುಕೊಳ್ಳುವುದು ಹೇಗೆ ಸಾಧ್ಯ? ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯವೂ ನನಗಿರಲಿಲ್ಲ. ಮಾವನ ಮನೆಯ ಸಂಬಂಧ ಬೇಡವೆಂದರೆ ಅಮ್ಮನಿಗೆ ತವರಿನ ಬಾಗಿಲೇ ಮುಚ್ಚುತ್ತದೆ. ಆ ಮಾತನ್ನು ನನ್ನ ಬದಲು ಬ್ಯಾಂಕಿನವರೇ ಹೇಳಲಿ ಎಂದು ಕಾಯುತ್ತಿದ್ದೆ.

ಕೋಚಿಂಗ್ ಇದ್ದದ್ದು ಶ್ರೀರಂಗಪಟ್ಟಣದಲ್ಲಿ. ನಮ್ಮೂರಿಂದ ದಿನಾ ಓಡಾಡಲು ಆಗುವುದಿಲ್ಲವೆಂದು ನನ್ನನ್ನು ತಂದು ಬಿಟ್ಟದ್ದು ಪಾಂಡವಪುರದ ಅದೇ ಮಾವನ ಮನೆಯಲ್ಲಿ. ಯಾವ ಮನೆಗೆ ಸೊಸೆಯಾಗಬಾರದೆಂದು ಓದುತ್ತಿದ್ದೆನೋ ಅದೇ ಮನೆಯ ಮುದ್ದೆ, ಅದೇ ಮನೆಯ ಸೊಪ್ಪಿನ ಸಾರು. ಅತ್ತೆ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ಬುತ್ತಿ ಕಟ್ಟಿಕೊಡುತ್ತಿದ್ದಳು. ಉಂಡ ಮನೆಯ ಜಂತೆ ಎಣಿಸುವುದು ಅಂದರೆ ಇದೇ ಇರಬೇಕು ಎಂದು ನಾಚಿಕೆಯಾಗುತ್ತಿತ್ತು. ಆದರೆ ಬುತ್ತಿಯನ್ನು ಮಾತ್ರ ಪೂರ್ತಿ ತಿನ್ನುತ್ತಿದ್ದೆ.

ಅಜ್ಜಿ ಇದ್ದದ್ದೂ ಅಲ್ಲೇ. ನಾನು ಓದುವಾಗ ಪಕ್ಕದಲ್ಲಿ ಕೂತು, ಅದೇನು ಕನ್ನಡದಲ್ಲಿ ಹೇಳು ಎಂದು ಪೀಡಿಸುತ್ತಿದ್ದಳು. ಒಂದು ಸಂಜೆ ಆ ಫೋಟೋದ ಪ್ರಶ್ನೆಯನ್ನು ಹೇಳಿದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆಯನ್ನೂ ಎತ್ತದೆ, “ಗಂಡ” ಅಂದಳು.

ಕೊಟ್ಟಿರುವ ಉತ್ತರಗಳಲ್ಲಿ ಗಂಡ ಇಲ್ಲ ಅಜ್ಜಿ ಅಂದೆ.

“ಅಂಗಾರೆ ಆ ಪುಸ್ತಕ ಬರ್ದೋನ್ಗೆ ನೆಂಟ್ರಿಷ್ಟ್ರು ಯಾರೂ ಇಲ್ಲ ಅನ್ನು” ಅಂದಳು ಅಜ್ಜಿ.

ಅಡುಗೆಮನೆಯಲ್ಲಿ ಅತ್ತೆ ಕಿಸಕ್ಕನೆ ನಕ್ಕಳು. ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ ಭಾವನಿಗೆ ಇದ್ದಕ್ಕಿದ್ದಂತೆ ಪಂಪ್‌ಸೆಟ್ಟಿನ ನೆನಪಾಗಿ, ಒದ್ದೆ ಕಾಲಲ್ಲೇ ಗದ್ದೆಗೆ ಹೋದ.

ಮೊದಲ ಸುತ್ತು ಹೇಗೋ ದಾಟಿತು. ಮುಖ್ಯ ಪರೀಕ್ಷೆಯ ದಿನ ಮೈಸೂರಿಗೆ ಭಾವನೇ ಬೈಕಿನಲ್ಲಿ ಕರೆದುಕೊಂಡು ಹೊರಟ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಬೈಕು ನಿಲ್ಲಿಸಿ, ಹೊಳೆಯ ಕಡೆ ತಿರುಗಿ ಕಣ್ಣು ಮುಚ್ಚಿ ಕೈಮುಗಿದ. ಏನೆಂದು ಕೇಳಿದರೆ, ನಾನು ಪಾಸಾದರೆ ಮೇಲುಕೋಟೆಗೆ ಹೋಗಿ ಮುಡಿ ಕೊಡುವುದಾಗಿ ಹರಕೆ ಹೊತ್ತಿದ್ದಾನಂತೆ. ಇಂಥವನನ್ನು ಬೇಡವೆನ್ನಲು ನಾನೆಷ್ಟು ಕಟುಕಿ ಅಂದುಕೊಳ್ಳುವಷ್ಟರಲ್ಲಿ ಅವನೇ ಮುಂದುವರಿಸಿದ.

“ನೀ ಪಾಸಾಗ್ದಿದ್ರೆ ನನ್ ಕೊರಳ್ಗೆ ಬೀಳ್ತೀಯಲ್ಲ ಕಣಮ್ಮಿ. ಅದ್ಕೇ ನಂಗೆ ಹೊಸಬ್ರು ಯಾರಾದ್ರೂ ಸಿಕ್ಲಿ ಅಂತ.”

ನನಗೆ ಮೈಯೆಲ್ಲ ಉರಿಯಿತು. ನಾನು ಇವನನ್ನು ಬೇಡವೆನ್ನಬಹುದು, ಅದಕ್ಕೆ ಕಾರಣಗಳಿವೆ. ನನ್ನನ್ನು ಬೇಡವೆನ್ನಲು ಇವನು ಯಾರು? ಹೆಲ್ಮೆಟ್ಟಿನ ಮೇಲೆ ಜೋರಾಗಿ ಕುಟ್ಟಿದೆ. ಅವನಿಗೇನೂ ಆಗಲಿಲ್ಲ, ನನ್ನ ಗೆಣ್ಣು ನೋಯಿತು. ಆ ಸಿಟ್ಟಿನಲ್ಲೇ ಪರೀಕ್ಷೆಗೆ ಕೂತೆ. ರಕ್ತಸಂಬಂಧದ ಪ್ರಶ್ನೆ ಬಂದಾಗ ಒಂದು ಚೂರೂ ಅನುಮಾನ ಬರಲಿಲ್ಲ. ಮಾವನ ಮಗ ಕಸಿನ್, ಬರೀ ಕಸಿನ್.

ಸಂದರ್ಶನವೂ ಮುಗಿದು, ಕೊನೆಗೊಂದು ದಿನ ನಾನು ಆಯ್ಕೆಯಾದೆ. ಅಪ್ಪ ನಾಗಮಂಗಲದಿಂದ ಮೈಸೂರುಪಾಕು ತಂದು ಊರಿಗೆಲ್ಲ ಹಂಚಿದ. ಭಾವ ಒಂದು ದಿನವೂ ತಡಮಾಡದೆ ಮೇಲುಕೋಟೆಗೆ ಹೋಗಿ ಬೋಳುತಲೆ ಮಾಡಿಸಿಕೊಂಡು ಬಂದ. ಅವನಿಗಿಂತ ಸಂತೋಷಪಟ್ಟವರು ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಮಾವ, ಅತ್ತೆ, ಅಜ್ಜಿ, ಭಾವ ಎಲ್ಲರೂ ಕಾರು ಮಾಡಿಕೊಂಡು ನಮ್ಮೂರಿಗೆ ಬಂದರು. ಅತ್ತೆಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಸೀರೆ, ಹೂವು, ಎಲೆಅಡಿಕೆ, ಬಾಳೆಹಣ್ಣು. ನನ್ನನ್ನು ಹೊಗಳಲು ಬಂದರೆಂದು ನಾನು ಬೀಗುತ್ತಾ ನಿಂತೆ. ಅತ್ತೆ ಬಾಯಿಬಿಟ್ಟ ಮೇಲೆ ತಿಳಿಯಿತು. ಇಷ್ಟು ದಿನ ಆಕೆಗೇ ಅರೆಮನಸ್ಸಿತ್ತಂತೆ, ಡಿಗ್ರಿ ಓದಿ ಕೆಲಸವಿಲ್ಲದೆ ಕೂತ ಹುಡುಗಿ ಸಗಣಿ ಎತ್ತುತ್ತಾಳೋ ಇಲ್ಲವೋ ಅಂತ. ಈಗ ಬ್ಯಾಂಕಿನ ಆಫೀಸರ್ ಸೊಸೆಯನ್ನು ಹೊರಗಿನವರಿಗೆ ಬಿಟ್ಟುಕೊಡುವ ಮಾತೇ ಇಲ್ಲವಂತೆ. ಬಾಣಲೆಯಿಂದ ಬೆಂಕಿಗೆ ಬೀಳಲು ನಾನು ಅಷ್ಟು ವರ್ಷ ಕಣ್ಣು ಕೆಡಿಸಿಕೊಂಡಿದ್ದೆ.

ಭಾವನ ಕಡೆ ನೋಡಿದೆ. ಅವನು ಬೋಳುತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಅಮ್ಮ ತಟ್ಟೆಗೆ ಎರಡೂ ಕೈ ಚಾಚಿದಳು. ನನ್ನ ಬದಲು ಮಾತಾಡಲು ಇನ್ನು ಯಾವ ಪರೀಕ್ಷೆಯೂ ಉಳಿದಿರಲಿಲ್ಲ.

“ನಾನ್ ಒಲ್ಲೆ” ಅಂದೆ. ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

“ನಾನೂವೆ” ಅಂದ ಭಾವ, ಎಲ್ಲಿ ಸಂದರ್ಭ ತಪ್ಪಿಹೋಗುತ್ತದೋ ಅನ್ನುವ ಹಾಗೆ.

ಆಮೇಲೆ ಆದದ್ದನ್ನು ಬರೆಯಲಾರೆ. ಅತ್ತೆ ಮಗನನ್ನು ಬೈದಳು, ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅಜ್ಜಿ ಇಬ್ಬರನ್ನೂ ಶಪಿಸಿದಳು. ಕೋಳಿಸಾರು ಮಾಡಿದ್ದರಿಂದ ಊಟ ಮಾಡಿಕೊಂಡೇ ಹೊರಟರು, ಆದರೆ ಮಾತಿಲ್ಲದೆ ಉಂಡರು. ಅಮ್ಮ ಬೀದಿಯವರೆಗೂ ಹೋಗಿ ಕಾರಿನ ಕಿಟಕಿ ಹಿಡಿದು ನಿಂತಳು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಕಾರು ಮರೆಯಾದ ಮೇಲೆ ಅಪ್ಪ ಜಗಲಿಯ ಮೇಲೆ ಕೂತು ನನ್ನನ್ನು ಕರೆದ. ಬೈಯುತ್ತಾನೆಂದುಕೊಂಡೆ. ಅವನಿಗೆ ಬೈಗುಳಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ಅಲ್ಲ ಕಣವ್ವ, ಇದೊಂದ್ ಮಾತ್ ಏಳಕ್ಕೆ ಈಟೊಂದ್ ಓದ್ಬೇಕಾಗಿತ್ತಾ? ಮೊದ್ಲೇ ಏಳ್ಬುಟ್ಟಿದ್ರೆ ಆಗ್ತಿತ್ತಲ್ಲ.”

“ಆಗ ಏಳಿದ್ರೆ ಕೇಳ್ತಿದ್ಯಾ ಅಪ್ಪ?” ಅಂದೆ.

ಅಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

“ಇಲ್ಲ ಕಣವ್ವ” ಅಂದ. “ಕೇಳ್ತಿರ್ಲಿಲ್ಲ.”