ಎಡಗಡೆಯ ಸೀಟು

ಕಾರನ್ನು ಮಾರಿಬಿಡಿ ಎಂದು ನನ್ನ ಗಂಡನಿಗೆ ನಾನು ಹೇಳಿದ್ದು, ಕೊನೆಯ ಕೀಮೋ ಮುಗಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ. ಗೇಟಿನ ಮುಂದೆ ಇಳಿದವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಹೇಳಿದೆ. ಅವರು ತಲೆಯಾಡಿಸಿದರು. ಮಾರುತ್ತಾರೆ ಎಂದುಕೊಂಡು ಒಳಗೆ ಹೋಗಿ ಮಲಗಿದೆ. ಎರಡು ತಿಂಗಳಾದ ಮೇಲೆ, ಕೊಟ್ಟಿಗೆಯಲ್ಲಿ ಸುತ್ತಿಗೆ ಸದ್ದು ಕೇಳಿಸಿ ಹೋಗಿ ನೋಡಿದರೆ, ನಾಲ್ಕೂ ಬಾಗಿಲು ತೆರೆದುಕೊಂಡು ಕಾರು ನಿಂತಿದೆ, ಅದರ ಹಿಂದಿನ ಸೀಟು ನೆಲದ ಮೇಲಿದೆ, ಈ ಮಹಾನುಭಾವರು ಸ್ಪ್ಯಾನರ್ ಹಿಡಿದು ಅಂಗಾತ ಮಲಗಿದ್ದಾರೆ.

‘ಏನ್ರೀ ಇದು?’

‘ಟ್ರ್ಯಾಕ್ ಕಾರು ಮಾಡ್ತಿದೀನಿ ಕಣೇ.’

ಕಾರೆಂದರೆ ದೊಡ್ಡ ಕಾರೇನಲ್ಲ. ಬೂದು ಬಣ್ಣದ, ಹಳೆಯ, ಪುಟ್ಟ ಹ್ಯಾಚ್‌ಬ್ಯಾಕ್. ಹಿಂದಿನ ಬಾಗಿಲನ್ನು ಎತ್ತಿದರೆ ಅದು ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ಹಿಡಿದುಕೊಂಡಿರಬೇಕು. ನನಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಎರಡು ವರ್ಷ ನಾನು ಬದುಕಿದ್ದು ಹೆಚ್ಚುಕಡಿಮೆ ಆ ಕಾರಿನ ಮುಂದಿನ ಎಡಗಡೆಯ ಸೀಟಿನಲ್ಲೇ. ಮಡಿಲಲ್ಲೊಂದು ಪ್ಲಾಸ್ಟಿಕ್ ಬಕೆಟ್ಟು, ತಲೆಗೊಂದು ಸ್ಕಾರ್ಫು. ಹಿನಕಲ್‌ನ ನಮ್ಮ ಮನೆಯಿಂದ ಆಸ್ಪತ್ರೆಯವರೆಗೆ ಎಲ್ಲೆಲ್ಲಿ ರಸ್ತೆ ಉಬ್ಬಿದೆ ಎಂಬುದು ನಗರಪಾಲಿಕೆಯವರಿಗಿಂತ ನನ್ನ ಹೊಟ್ಟೆಗೆ ಚೆನ್ನಾಗಿ ಗೊತ್ತು. ಸೀಟನ್ನು ಎಷ್ಟು ಸಲ ಸೋಪು ಹಾಕಿ ತಿಕ್ಕಿದರೂ ಡೆಟಾಲಿನ ಜೊತೆ ಇನ್ನೊಂದು ವಾಸನೆ ಅಲ್ಲೇ ಇರುತ್ತಿತ್ತು. ಕಾರು ಹಾಳಾಗಿ ಹೋಗಲಿ, ಆ ಸೀಟು ನನ್ನ ಕಣ್ಣ ಮುಂದಿನಿಂದ ತೊಲಗಬೇಕು. ನನಗೆ ಬೇಕಾಗಿದ್ದುದು ಅಷ್ಟೇ.

ಟ್ರ್ಯಾಕ್ ಕಾರು ಎಂದರೇನೆಂದು ಅವರು ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ವಿವರಿಸಿದರು. ಕೊಯಮತ್ತೂರಿನ ಹೊರಗೆ ಕಾರು ರೇಸಿನ ಟ್ರ್ಯಾಕೊಂದು ಇದೆಯಂತೆ. ಕೆಲವು ದಿನ ಯಾರು ಬೇಕಾದರೂ ಹಣ ಕಟ್ಟಿ ತಮ್ಮ ಕಾರನ್ನು ಅಲ್ಲಿ ಮನಸೋ ಇಚ್ಛೆ ಓಡಿಸಬಹುದಂತೆ. ರೇಸಲ್ಲ. ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ.

‘ಕಪ್ಪಾದ್ರೂ ಕೊಡ್ತಾರಾ?’ ಅಂದೆ.

‘ಇಲ್ಲ.’

‘ಮತ್ಯಾಕೆ ಹೋಗೋದು?’

‘ಸುಮ್ನೆ ಓಡ್ಸೋದು ಕಣೇ.’

ಅತ್ತೆ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, ‘ಗದ್ದೇಲಿ ಹೋರಿ ಬುಟ್ಟಂಗಾ?’ ಎಂದರು. ಮಗ ಹೌದು ಎಂದರು. ಅತ್ತೆಗೆ ಅರ್ಥವಾಗಿಹೋಯಿತು. ಈ ಮನೆಯಲ್ಲಿ ಅರ್ಥವಾಗದೆ ಉಳಿದವಳು ನಾನೊಬ್ಬಳೇ.

ಇವರ ಗದ್ದೆಯೆಲ್ಲ ಲೇಔಟಾಗಿ ಎಷ್ಟೋ ವರ್ಷವಾಯಿತು. ಉಳಿದಿರುವುದು ಮನೆ, ಅದರ ಹಿಂದಿನ ದನದ ಕೊಟ್ಟಿಗೆ. ದನವಿಲ್ಲದ ಆ ಕೊಟ್ಟಿಗೆಯಲ್ಲಿ, ಕಾರ್ಖಾನೆಯ ಕೆಲಸ ಮುಗಿಸಿ ಬಂದವರು ದಿನಾ ಸಂಜೆ ಕಾರು ಬಿಚ್ಚತೊಡಗಿದರು. ಟ್ರ್ಯಾಕಿನ ಕಾರು ಹಗುರವಾಗಿರಬೇಕಂತೆ. ನಾನೂ ಆ ಎರಡು ವರ್ಷದಲ್ಲಿ ಸಾಕಷ್ಟು ಹಗುರವಾಗಿದ್ದೆ, ಅದಕ್ಕೆ ಯಾರೂ ಸ್ಪ್ಯಾನರ್ ಹಿಡಿದಿರಲಿಲ್ಲ. ನೆಲದ ಕಾರ್ಪೆಟ್ಟು ಹೋಯಿತು, ಚಾವಣಿಯ ಬಟ್ಟೆ ಹೋಯಿತು, ಸ್ಪೀಕರು, ಏಸಿ, ಬಾಗಿಲಿನ ಒಳಹಲಗೆಗಳು, ಕೊನೆಗೆ ಸ್ಟೆಪ್ನಿಯೂ ಹೋಯಿತು. ಹೋಯಿತು ಎಂದರೆ ಎಲ್ಲಿಗೆ? ನನ್ನ ಮನೆಯೊಳಕ್ಕೆ. ಹಿಂದಿನ ಸೀಟು ಜಗಲಿಗೆ ಬಂದು ಅತ್ತೆಯ ಸೋಫಾ ಆಯಿತು. ಏಸಿಯ ಪೈಪುಗಳು ಬಟ್ಟೆ ಒಣಗುವ ಕಡೆ ನೇತಾಡಿದವು. ರಾಗಿ ಡಬ್ಬಕ್ಕೆ ಕೈ ಹಾಕಿದರೆ ನಟ್ಟು ಸಿಕ್ಕಿತು. ನಾನು ಯಾದವಗಿರಿಯ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿ, ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆಗೆ ಬಂದರೆ, ಕೂರುವುದಕ್ಕೆ ಗ್ರೀಸಿಲ್ಲದ ಕುರ್ಚಿ ಹುಡುಕಬೇಕಿತ್ತು.

ಇಷ್ಟೆಲ್ಲ ತೆಗೆದವರು ಆ ಎಡಗಡೆಯ ಸೀಟಿಗೆ ಮಾತ್ರ ಕೈ ಹಾಕಲಿಲ್ಲ. ಡ್ರೈವರ್ ಕಡೆಗೆ ಎಲ್ಲಿಂದಲೋ ಹಳೆಯ ರೇಸ್ ಸೀಟೊಂದನ್ನು ತಂದು ಕೂರಿಸಿದರು. ಎಡಗಡೆಗೆ ಮಾತ್ರ ಅದೇ ಬೂದು ಬಟ್ಟೆಯ, ಅದೇ ಕಲೆಯ ಸೀಟು.

‘ಅದನ್ನ ಯಾವಾಗ ತೆಗೀತೀರಿ?’

‘ತೆಗ್ಯಾಣ ಬುಡು.’

‘ಅಷ್ಟು ಭಾರದ ಸೀಟು ಬಿಟ್ಟು ಬಾಗ್ಲಿನ ಹಿಡಿ ಕೊಯ್ತಾ ಕೂತಿದೀರಲ್ಲ, ನಿಮಗೆ ಲೆಕ್ಕ ಬರಲ್ವಾ?’

ಈ ಮಾತು ನಮ್ಮಿಬ್ಬರ ನಡುವೆ ಅದೆಷ್ಟು ಸಲ ಆಯಿತೋ. ಬೇಕೆಂದೇ ನನ್ನನ್ನು ಉರಿಸುತ್ತಿದ್ದಾರೆ ಎನಿಸಿ ಎರಡೆರಡು ದಿನ ಮಾತು ಬಿಟ್ಟದ್ದೂ ಉಂಟು. ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ.

ಕಾರು ಪಲ್ಟಿ ಹೊಡೆದರೆ ಒಳಗಿರುವವರು ಅಪ್ಪಚ್ಚಿಯಾಗಬಾರದೆಂದು ಒಳಗಡೆ ಕಬ್ಬಿಣದ ಪೈಪಿನ ಪಂಜರ ಮಾಡಿಸಬೇಕಾಗಿತ್ತು. ಅದನ್ನು ಮಾಡುವವರು ಬೆಂಗಳೂರಿನಲ್ಲಿದ್ದಾರಂತೆ. ಇವರು ನಮ್ಮ ಬೀದಿ ಕೊನೆಯ, ಕಿಟಕಿ ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಯವರಿಗೆ ಅಳತೆ, ಚಿತ್ರ ಎಲ್ಲ ಕೊಟ್ಟು ಬಂದರು. ಅಂಗಡಿಯವರು ಪೈಪನ್ನೇನೋ ಗಟ್ಟಿಯಾಗಿಯೇ ಬೆಸೆದರು. ಆದರೆ ಪಕ್ಕದ ಅಡ್ಡಪಟ್ಟಿ ಬೋಳುಬೋಳಾಗಿ ಕಂಡಿತೆಂದು ಅದಕ್ಕೊಂದು ಕಮಲದ ಹೂವಿನ ಡಿಸೈನನ್ನೂ ಕೂರಿಸಿ ತಂದರು. ‘ಫ್ರೀ ಸಾರ್, ದುಡ್ಡು ಬ್ಯಾಡ,’ ಎಂದು ಅವರು ಹೆಮ್ಮೆಯಿಂದ ನಿಂತಿದ್ದಾಗ ನಮ್ಮವರು ಹಣೆ ಹಣೆ ಚಚ್ಚಿಕೊಂಡರು. ನನಗೆ ತಿಂಗಳುಗಳ ನಂತರ ಮನಸಾರೆ ನಗು ಬಂತು. ಹೂವನ್ನು ಕೊಯ್ಯುವುದಕ್ಕೆ ಒಂದು ಭಾನುವಾರ ಹಿಡಿಯಿತು.

ಆಮೇಲೆ ಆಯುಧಪೂಜೆ ಬಂತು. ಅವತ್ತು ನಮ್ಮೂರಿನಲ್ಲಿ ಸೈಕಲ್ಲಿನಿಂದ ಹಿಡಿದು ಬಸ್ಸಿನವರೆಗೆ ಯಾವುದೂ ಕುಂಕುಮವಿಲ್ಲದೆ ಬೀದಿಗಿಳಿಯುವುದಿಲ್ಲ. ಅತ್ತೆ ಬೆಳಿಗ್ಗೆಯೇ ಮಡಿಯುಟ್ಟು, ಕೊಟ್ಟಿಗೆಗೆ ಬಾಳೆಕಂದು ಕಟ್ಟಿಸಿ, ತಟ್ಟೆ ಹಿಡಿದು ಬಂದರು. ಬಾನೆಟ್ಟು ತೆರೆದಿತ್ತು. ಏರ್ ಫಿಲ್ಟರಿನ ಡಬ್ಬಿಯನ್ನು ಬಿಚ್ಚಿಟ್ಟಿದ್ದರಿಂದ ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆ ಬಾಯಿ ಬಿಟ್ಟುಕೊಂಡಿತ್ತು. ಅತ್ತೆಯ ಕಾಲದಲ್ಲಿ ಬಾಯಿ ತೆರೆದದ್ದಕ್ಕೆಲ್ಲ ಏನಾದರೂ ಕೊಡುವುದೇ ಪೂಜೆ. ಅರಿಶಿನದ ಅಕ್ಷತೆಯನ್ನು ಒಂದು ಹಿಡಿ ತುಂಬ ತೆಗೆದುಕೊಂಡು, ಮೇಲೆರಡು ಚೆಂಡುಹೂವಿನ ಎಸಳು ಸೇರಿಸಿ, ನೇರವಾಗಿ ಆ ಬಾಯಿಗೇ ಹಾಕಿದರು. ನಮ್ಮವರು ಅತ್ತ ಟಯರುಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು, ನೋಡಲಿಲ್ಲ. ಹಣ್ಣಿನ ಮೇಲೆ ಗಾಡಿ ಹಾಯಿಸಬೇಕಲ್ಲ ಎಂದು ಹತ್ತಿ ಸ್ಟಾರ್ಟ್ ಮಾಡಿದರು. ಎಂಜಿನ್ನು ಕೆಮ್ಮಿತು, ಸೀನಿತು, ಇಡೀ ಮೈ ನಡುಗಿಸಿಕೊಂಡು ನಿಂತುಹೋಯಿತು.

‘ಏನ್ ಹಾಕ್ದೆ ಅವ್ವ?’

‘ದೇವ್ರಕ್ಕಿ ಕಣಪ್ಪ. ಇನ್ನೇನ್ ಹಾಕ್ಲಿ?’

ಅಕ್ಕಿಯನ್ನು ಆರಿಸಿ ತೆಗೆಯುವುದಕ್ಕೆ ಆ ವಾರವೆಲ್ಲ ಬೇಕಾಯಿತು. ನನ್ನ ಹುಬ್ಬು ಕೀಳುವ ಚಿಮಟವೂ ಆ ಸೇವೆಗೆ ಹೋಯಿತು, ಮತ್ತೆ ಬರಲಿಲ್ಲ. ಆದರೆ ಅವತ್ತು ನನ್ನ ಮೈ ಉರಿದದ್ದು ಅಕ್ಕಿಗಲ್ಲ. ಅತ್ತೆ ಸ್ಟೇರಿಂಗಿಗೆ ಒಂದು ಬೊಟ್ಟು ಇಟ್ಟು, ಆ ಎಡಗಡೆಯ ಸೀಟಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಹೂವಿನ ಹಾರವನ್ನೇ ಹಾಕಿ, ಎರಡೂ ಕೈಯೆತ್ತಿ ಮುಗಿದಿದ್ದರು.

‘ಅತ್ತೆ, ಆ ಸೀಟಿಗ್ಯಾಕೆ? ಅದನ್ನ ಕಂಡ್ರೆ ವಾಂತಿ ಬರುತ್ತೆ ನನಗೆ.’

‘ಹಂಗನ್ಬ್ಯಾಡ ಕಣವ್ವ. ಹೋದಾಗ್ಲೆಲ್ಲ ನಿನ್ನ ವಾಪಸ್ ಮನೆಗೆ ತಂದು ಬುಟ್ಟದೆ ಅದು.’

ನನ್ನ ಪಾಲಿಗೆ ಅದು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಸೀಟು. ಅತ್ತೆ ಬಾಗಿಲಲ್ಲಿ ಕಾದು ಕೂತಿರುತ್ತಿದ್ದವರು, ಅವರ ಪಾಲಿಗೆ ಅದು ಮನೆಗೆ ಕರೆತರುವ ಸೀಟು. ಸರಿ, ಇವರ ಮಗನೂ ಇದೇ ನಂಬಿಕೆಗೆ ಸೀಟನ್ನು ಇಟ್ಟುಕೊಂಡಿರಬೇಕು ಎಂದು ತೀರ್ಮಾನಿಸಿದೆ. ಎಂಜಿನಿಯರಿಂಗ್ ಡಿಪ್ಲೊಮಾ ಓದಿದ ಗಂಡಸು, ಶಕುನಕ್ಕೆ ಕಟ್ಟುಬಿದ್ದು ನನ್ನ ಹೊಟ್ಟೆ ಉರಿಸುತ್ತಿದ್ದಾರಲ್ಲ ಎಂದು ಸಿಟ್ಟು ಇನ್ನೊಂದು ಪಟ್ಟು ಹೆಚ್ಚಿತು.

ಸಂಕ್ರಾಂತಿ ಕಳೆದ ಮೇಲೆ ಟ್ರ್ಯಾಕಿಗೆ ಹೋಗುವ ದಿನ ಗೊತ್ತಾಯಿತು. ಇಂಥ ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಅದನ್ನೊಂದು ಲಾರಿಯ ಮೇಲೆ ಹೇರಿ, ಡ್ರೈವರ್ ಪಕ್ಕ ನಾವಿಬ್ಬರೂ ಇಕ್ಕಟ್ಟಿನಲ್ಲಿ ಕೂತು, ಚಾಮರಾಜನಗರ ದಾಟಿ, ಘಟ್ಟ ಇಳಿದು ಹೋದೆವು. ನಾನು ಯಾಕೆ ಹೋದೆ ಎಂದರೆ, ‘ಜೊತೇಲಿ ಹೋಗವ್ವ, ಅವ್ನಿಗೆ ಉಣ್ಣೋ ಗ್ಯಾನ ಇರಲ್ಲ,’ ಎಂದು ಅತ್ತೆ ಪುಳಿಯೋಗರೆ ಕಟ್ಟಿಕೊಟ್ಟು ಕಳಿಸಿದ್ದರು. ದಾರಿಯುದ್ದಕ್ಕೂ ಇವರು ಹಿಂದಿನ ಗಾಜಿನಲ್ಲಿ ಕಾರನ್ನೇ ನೋಡುತ್ತಿದ್ದರು.

ಓಡಿಸುವುದಕ್ಕೆ ಮೊದಲು ಅಲ್ಲಿ ಪ್ರತಿಯೊಂದು ಕಾರನ್ನೂ ಪರೀಕ್ಷೆ ಮಾಡುತ್ತಾರೆ. ಟೋಪಿ ಹಾಕಿದ್ದ ಒಬ್ಬ ಅಧಿಕಾರಿ ನಮ್ಮ ಕಾರನ್ನು ಸುತ್ತಿದರು, ಬಗ್ಗಿದರು, ಪಂಜರವನ್ನು ಅಲ್ಲಾಡಿಸಿ ನೋಡಿ ಮೆಚ್ಚಿದರು. ಆಮೇಲೆ ಎಡಗಡೆಯ ಸೀಟಿನ ಹತ್ತಿರ ನಿಂತರು. ಅದರ ಬೆಲ್ಟು ಬಿಗಿಯುವ ಜಾಗದಲ್ಲಿ ಪಂಜರದ ಪೈಪು ಬಂದು ಕೂತಿತ್ತು. ಬೆಲ್ಟಿಲ್ಲದ ಸೀಟು ಒಳಗಿರುವಂತಿಲ್ಲ, ತೆಗೆದರೆ ಬಿಡುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಮುಂದಿನ ಕಾರಿಗೆ ಹೋದರು.

ನನಗೆ ಆ ಪುಣ್ಯಾತ್ಮನ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಸ್ಪ್ಯಾನರಿನ ಪೆಟ್ಟಿಗೆಯನ್ನು ನಾನೇ ಎತ್ತಿ ತಂದು ಕೊಟ್ಟೆ. ಇವರು ತೆಗೆದುಕೊಳ್ಳಲಿಲ್ಲ. ಹೆಲ್ಮೆಟ್ಟನ್ನು ಕಳಚಿ ಬಾನೆಟ್ಟಿನ ಮೇಲಿಟ್ಟರು.

‘ವಾಪಸ್ ಹೋಗಣ ಬಾ,’ ಎಂದರು.

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಅಕ್ಕಪಕ್ಕದಲ್ಲಿ ಜನ ಇದ್ದಾರೆ ಎಂಬುದನ್ನೂ ಮರೆತು ಕೂಗಾಡಿದೆ. ಒಂದು ವರ್ಷ ನನ್ನ ಮನೆಯನ್ನು ಗುಜರಿ ಅಂಗಡಿ ಮಾಡಿದಿರಿ, ಎಲ್ಲಾ ಬಿಚ್ಚಿದಿರಿ, ನಾಲ್ಕು ಬೋಲ್ಟು ಬಿಚ್ಚುವುದಕ್ಕೆ ಏನು ಧಾಡಿ ಎಂದೆ. ನಿಮ್ಮ ತಾಯಿಯ ಹಾಗೆ ನೀವೂ ಸೀಟಿಗೆ ಮಂಗಳಾರತಿ ಎತ್ತುತ್ತೀರಾ ಎಂದೆ. ಕೊನೆಗೆ ಅವರು ಬಾಯಿ ಬಿಟ್ಟರು.

‘ಅದ್ನ ತೆಗೆದ್ಬುಟ್ಟು, ನಾಳೆ ಮತ್ತೆ ಬಂದ್ಬುಟ್ರೆ? ನಿನ್ನ ಎಲ್ಲಿ ಕೂರ್ಸ್ಕೊಂಡ್ ಹೋಗ್ಲಿ?’

ಆ ಎರಡು ವರ್ಷದಲ್ಲಿ ನಾನು ಅತ್ತಿದ್ದೆ, ಅತ್ತೆ ಅತ್ತಿದ್ದರು, ನಜರ್‌ಬಾದಿನ ನನ್ನ ತವರಿನವರೆಲ್ಲ ಬಂದು ಅತ್ತು ಹೋಗಿದ್ದರು. ಇವರೊಬ್ಬರು ಅತ್ತಿರಲಿಲ್ಲ. ಈ ಮನುಷ್ಯನಿಗೆ ಏನೂ ಮುಟ್ಟುವುದಿಲ್ಲ ಎಂದು ನಾನು ನಂಬಿಬಿಟ್ಟಿದ್ದೆ. ಈಗ ಯಾರದೋ ಊರಿನಲ್ಲಿ, ಅಷ್ಟೊಂದು ಕಾರುಗಳ ಗದ್ದಲದಲ್ಲಿ, ತೋಳಿನಿಂದ ಮೂಗು ಒರೆಸಿಕೊಂಡು ಅಳುತ್ತಿದ್ದರು.

ನನಗೂ ಆ ಭಯವಿದೆ. ಪ್ರತಿ ಸಲ ತಪಾಸಣೆಯ ದಿನ ಹತ್ತಿರ ಬಂದಾಗ ನಿದ್ದೆ ಬರುವುದಿಲ್ಲ. ಆದರೆ ಅದನ್ನು ಅವರಿಗೆ ಹೇಳಿರಲಿಲ್ಲ. ಅವರೂ ನನಗೆ ಹೇಳದೆ ಕಾರಿನಲ್ಲಿ ನನಗೊಂದು ಜಾಗ ಇಟ್ಟುಕೊಂಡು ಕೂತಿದ್ದರು.

‘ಬಂದ್ರೆ ಆಟೋದಲ್ಲಿ ಹೋಗೋಣ ಕಣ್ರೀ,’ ಎಂದೆ. ‘ಈಗ ಬಂದಿಲ್ವಲ್ಲ. ಬಿಚ್ಚಿ.’

ಮೊದಲ ಬೋಲ್ಟನ್ನು ನಾನೇ ಸಡಿಲಿಸಿದೆ. ಉಳಿದವನ್ನು ಅವರು ಬಿಚ್ಚಿದರು. ಸೀಟನ್ನು ಇಬ್ಬರೂ ಹಿಡಿದು ಹೊರಗಿಟ್ಟೆವು. ವಾಪಸ್ ಬರುವಾಗ ಲಾರಿಗೆ ಹಾಕಿಕೊಳ್ಳೋಣವೆಂದು ಅವರು ಇನ್ನೊಂದು ರಾಗ ತೆಗೆದರು. ನಾನು ಒಪ್ಪಲಿಲ್ಲ. ಅಲ್ಲಿ ಟಯರು ಬದಲಿಸುವ ಶೆಡ್ಡಿನವರಿಗೆ ಕೂರುವುದಕ್ಕೆ ಕುರ್ಚಿಯಿರಲಿಲ್ಲ, ಅವರಿಗೇ ಕೊಟ್ಟೆವು.

ಇಷ್ಟೆಲ್ಲ ಆದ ಮೇಲೆ ಕಾರು ಹೇಗೆ ಓಡಿತು ಎಂದರೆ, ಎಲ್ಲರಿಗಿಂತ ನಿಧಾನವಾಗಿ ಓಡಿತು. ಹಿಂದಿನಿಂದ ಬಂದವರೆಲ್ಲ ದಾಟಿಕೊಂಡು ಹೋದರು. ಒಂದು ತಿರುವಿನಲ್ಲಿ ಮಣ್ಣಿಗಿಳಿದು ನಿಂತು, ಮತ್ತೆ ಹತ್ತಿ ಬಂತು. ಹಿಂದಿನ ಬಾಗಿಲು ತೆರೆದುಕೊಂಡಿತೆಂದು ಟ್ರ್ಯಾಕಿನವರು ಒಳಗೆ ಕರೆದು, ಹಗ್ಗ ಕಟ್ಟಿಸಿ ಬಿಟ್ಟರು. ಬಿಸಿಲಿನಲ್ಲಿ ನಿಂತು ನನ್ನ ತಲೆ ಸಿಡಿಯುತ್ತಿತ್ತು. ಹೆಲ್ಮೆಟ್ ತೆಗೆದವರು ಬೆವರಿನಲ್ಲಿ ಮಿಂದು, ಹಲ್ಲು ಕಿರಿದುಕೊಂಡು, ‘ನೋಡ್ದಾ?’ ಎಂದರು. ನೋಡಿದೆ, ಪುಳಿಯೋಗರೆ ತಿನ್ನಿ ಎಂದೆ.

ಮುಂದಿನ ತಿಂಗಳು ತಪಾಸಣೆ ಬಂತು. ಕಾರು ರಸ್ತೆಗಿಳಿಯುವಂತಿಲ್ಲ, ಅದರಲ್ಲಿ ನನಗೆ ಸೀಟೂ ಇಲ್ಲವಾದ್ದರಿಂದ ಹಿನಕಲ್ ಸರ್ಕಲ್ಲಿನಲ್ಲಿ ಆಟೋ ಹಿಡಿದೆವು. ಡ್ರೈವರು ಮೀಟರ್ ಹಾಕುವುದಿಲ್ಲ ಎಂದರು. ಜಗಳಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಹತ್ತಿ ಕೂತಾಗಿತ್ತು. ಆ ಎರಡು ವರ್ಷ ಆಸ್ಪತ್ರೆಗೆ ಹೋಗುವಾಗಲೆಲ್ಲ ಇವರ ಎರಡೂ ಕೈ ಸ್ಟೇರಿಂಗಿನ ಮೇಲಿರುತ್ತಿದ್ದವು, ಕಣ್ಣು ರಸ್ತೆಯ ಮೇಲೆ. ಆಟೋದಲ್ಲಿ ಅವರಿಗೆ ಹಿಡಿದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ರಿಂಗ್ ರಸ್ತೆಗೆ ಬರುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡರು. ಬೆವೆತ ಕೈ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ಜನ ನೋಡ್ತಾರೆ ಬಿಡ್ರೀ ಎಂದೆ. ಆಸ್ಪತ್ರೆಯ ಗೇಟು ಬರುವವರೆಗೂ ಬಿಡಲಿಲ್ಲ.