ಕಲಾಯಿ ಚಾಚಾರ ಹೆಸರು

ಗೆಳೆಯರೇ, ಇವತ್ತು ಹುಮನಾಬಾದಿನ ಸೈಬರ್ ಕೆಫೆಯಲ್ಲಿ ನಾನು ತಲೆ ತಗ್ಗಿಸಬೇಕಾಯಿತು.

ಹಳೆಯ ಕಸುಬುಗಳ ಹಿಂದಿನ ವಿಜ್ಞಾನವನ್ನು ವಿವರಿಸುವ ಒಂದು ವಿದೇಶಿ ವೆಬ್‌ಸೈಟಿನಲ್ಲಿ ನಮ್ಮ ಬಸವಕಲ್ಯಾಣದ ಕಲಾಯಿ ಚಾಚಾರ ಫೋಟೊ ಬಂದಿದೆ. ಹಿತ್ತಾಳೆ ಪಾತ್ರೆಗೆ ತವರ ಬಳಿದು ಕಲಾಯಿ ಹಾಕುತ್ತಿದ್ದಾರೆ. ಹೋದ ವರ್ಷ ಆ ಸೈಟಿನವರು ಬಂದಾಗ ಚಾಚಾರ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದವನು ನಾನು. ಖುಷಿಯಿಂದ ಚಾಚಾರನ್ನೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ.

"ಕೆಳಗ ಏನ್ ಬರದಾರ್ರಿ ಸರ್?" ಎಂದರು ಚಾಚಾ.

ಅನುವಾದ ಎಂದು ನನ್ನ ಪೂರ್ತಿ ಹೆಸರಿತ್ತು. ಅವರ ಹೆಸರಿನ ಜಾಗದಲ್ಲಿ 'ಮಿಸ್ಟರ್ ಕಲಾಯಿ'. ಆ ದಿನ ಸೈಟಿನವರು ಹೆಸರು ಕೇಳಿದಾಗ ನಾನು ಹೇಳಿದ್ದೇ ಅದು.

ಕೆಫೆಯವರು ನನ್ನ ಕಡೆ ತಿರುಗಿದರು. "ಮೇಲ್ ಮಾಡಿದ್ರ ತಿದ್ದತಾರ್ರಿ. ಖರೇ ಹೆಸರ್ ಏನ್ ಹೇಳ್ರಿ."

ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಪಾತ್ರೆಗಳೆಲ್ಲ ಅವರ ಕೈಗೇ ಹೋಗುತ್ತಿವೆ. ನಾನು ಚಾಚಾರ ಮುಖ ನೋಡಿದೆ.

ಅವರು ನಕ್ಕರು. "ಮೌಲಾಸಾಬ್ ಅಂತ ಬರೀರಿ. ಸರ್‌ಗೂ ಅದನ್ನ ಒಂದ್ ಚೀಟಿ ಮ್ಯಾಲ ಬರದ್ ಕೊಡ್ರಿ."

ಅನುವಾದಕರ ಹೆಸರಿಲ್ಲದ ಪುಸ್ತಕವನ್ನು ಕೊಳ್ಳಲೇಬಾರದು ಎಂದು ಮೊನ್ನೆ ನಮ್ಮ ಈ ಗುಂಪಿನಲ್ಲಿ ಜಗಳ ತೆಗೆದವನೂ ನಾನೇ.