ಇಂಜಿನ್ನಿನ ಹಣೆ ಎಲ್ಲಿದೆ?

ಸ್ವಲ್ಪ ತಾಳಿ. ಹಳೆಯ ಡೀಸೆಲ್ ಇಂಜಿನ್ ಎಂದ ಕೂಡಲೇ ಪುಟ ತಿರುವಲು ಹೊರಟ ಕೈಯನ್ನು ಅಲ್ಲೇ ಹಿಡಿದುಕೊಳ್ಳಿ. ಇದರಲ್ಲಿ ನಟ್ಟು ಬೋಲ್ಟುಗಳಿರುವುದು ನಿಜ, ಆದರೆ ಅವುಗಳಿಗಿಂತ ಬಿಗಿಯಾಗಿ ಕಚ್ಚಿಕೊಂಡ ಮನುಷ್ಯರೂ ಇದ್ದಾರೆ, ಅವರನ್ನು ಸಡಿಲಿಸುವ ಪಾನಾ, ಅಂದರೆ ಸ್ಪ್ಯಾನರು, ಜತ್ತದ ಪೇಟೆಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇಂಜಿನ್ ಶುರುವಾಗುವವರೆಗಾದರೂ ಕುಳಿತಿರಿ, ಆಮೇಲೆ ನಿಮ್ಮ ಇಷ್ಟ.

ಗಡಿಯ ಹಳ್ಳಿಯಾದ ವಳಸಂಗದ ನಮ್ಮ ಮನೆಯ ಕೊಟ್ಟಿಗೆಯ ಮೂಲೆಯಲ್ಲಿ, ನನಗೆ ಬುದ್ಧಿ ಬಂದಾಗಿನಿಂದ ಒಂದು ಇಂಜಿನ್ ಇತ್ತು. ಇತ್ತು ಎನ್ನುವುದಕ್ಕಿಂತ, ಅದರ ಮೇಲೆ ಮನೆಯ ಉಳಿದದ್ದೆಲ್ಲ ಇತ್ತು ಎಂದರೆ ಸರಿಯಾದೀತು. ಒಂದು ಗಾಲಿಯ ಮೇಲೆ ಅವ್ವನ ಕೌದಿ ಒಣಗುತ್ತಿತ್ತು, ಇನ್ನೊಂದಕ್ಕೆ ಎಮ್ಮೆಯ ಹಗ್ಗ ಸುತ್ತಿರುತ್ತಿತ್ತು, ಹೊಗೆಯ ಕೊಳವೆಯಲ್ಲಿ ಕುಡುಗೋಲು ಸಿಕ್ಕಿಸಿರುತ್ತಿತ್ತು, ತಂಪಿಗೆಂದು ನೀರು ತುಂಬಬೇಕಾದ ಅದರ ಹೊಟ್ಟೆಯಲ್ಲಿ ಬೆಕ್ಕು ಮರಿ ಹಾಕುತ್ತಿತ್ತು. ಒಂದೇ ಸಿಲಿಂಡರಿನ, ಹ್ಯಾಂಡಲ್ ತಿರುಗಿಸಿ ಶುರುಮಾಡುವ, ಆನೆಯ ನಡಿಗೆಯಂತೆ ನಿಧಾನವಾಗಿ ಓಡುವ ಆ ಯಂತ್ರವನ್ನು ಬಾವಿಗೆಂದು ತಂದವರು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ. ಅದು ಬಂದ ದಿನ ಊರೇ ನೋಡಲು ಬಂದಿತ್ತಂತೆ. ಆಮೇಲಾಮೇಲೆ ಅದಕ್ಕೆ ದಣಿವು ಬಂತಂತೆ. ಶುರುವಾಗುತ್ತಿತ್ತು, ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತಿತ್ತು. ಮುತ್ಯಾ ಬೈದರು, ಬೇಸತ್ತರು, ಕರೆಂಟಿನ ಮೋಟರು ತಂದರು. ಇಂಜಿನ್ ಕೊಟ್ಟಿಗೆ ಸೇರಿತು.

ಕೆಲಸ ಬಿಟ್ಟ ವಸ್ತುವನ್ನು ನಾವು ಎಸೆಯುವವರಲ್ಲ, ಪೂಜಿಸುವವರು. ದಸರೆಯ ಖಂಡೇ ಪೂಜೆಯ ದಿನ ನಮ್ಮ ಆಯಿ, ಅಪ್ಪನ ಅವ್ವ, ಮನೆಯಲ್ಲಿ ಕಬ್ಬಿಣದ್ದೆಂದು ಕಂಡದ್ದಕ್ಕೆಲ್ಲ ವಿಭೂತಿ ಕುಂಕುಮ ಹಚ್ಚುತ್ತಾಳೆ. ಕುಡುಗೋಲು, ಕುಂಟೆ, ಹೊಲಿಗೆ ಯಂತ್ರ, ಮಿಕ್ಸರ್, ಗ್ಯಾಸಿನ ಒಲೆ, ಯಾವುದೂ ತಪ್ಪುವುದಿಲ್ಲ. ಹೋದ ಸಲ ನನ್ನ ಮೊಬೈಲಿನ ಕ್ಯಾಮೆರಾದ ಮೇಲೇ ಬೊಟ್ಟಿಟ್ಟಿದ್ದಳು, ಆ ದಿನದ ಫೋಟೋಗಳಲ್ಲಿ ಇಡೀ ಕುಟುಂಬ ಕೆಂಪು ಧೂಳಿಯಲ್ಲಿ ಸಿಕ್ಕ ಹಾಗೆ ಕಾಣುತ್ತದೆ. ಇಂಜಿನ್ನಿಗಂತೂ ವಿಶೇಷ ಸತ್ಕಾರ. ಪೂಜೆಗೆ ಮುನ್ನ ಅಪ್ಪ ಅದಕ್ಕೊಂದು ಕೈ ಬಣ್ಣ ಬಳಿಯುತ್ತಿದ್ದ, ಆ ವರ್ಷ ಮನೆಯಲ್ಲಿ ಯಾವುದು ಉಳಿದಿತ್ತೋ ಅದನ್ನು. ಹಾಗಾಗಿ ಅದರ ಮೈಮೇಲೆ ಬಾಗಿಲಿನ ನೀಲಿ, ಬಂಡಿಯ ಕೆಂಪು, ತಿಜೋರಿಯ ಬೆಳ್ಳಿಬಣ್ಣ ಒಂದರ ಮೇಲೊಂದು ಕೂತು, ಹೆಸರಿನ ಫಲಕ ಎಂದೋ ಕಣ್ಮರೆಯಾಗಿತ್ತು. ಆಮೇಲೆ ಆಯಿ ಬಂದು ಡೀಸೆಲ್ ಟಾಕಿಯ ಹಿತ್ತಾಳೆ ಮುಚ್ಚಳದ ನಟ್ಟನಡುವೆ, ಬೊಟ್ಟಿಡಲೆಂದೇ ಮಾಡಿದಂತಿದ್ದ ಸಣ್ಣ ತಗ್ಗಿನಲ್ಲಿ, ಎಣ್ಣೆಯಲ್ಲಿ ಕಲಸಿದ ಕುಂಕುಮ ಒತ್ತುತ್ತಿದ್ದಳು.

ಹೀಗೆ ದೇವರಾಗಿ ಕೂತಿದ್ದ ಇಂಜಿನ್ನಿನ ಮೇಲೆ ನಮ್ಮ ಕಾಕಾನ ಕಣ್ಣು ಬಿತ್ತು. ಅಪ್ಪನ ತಮ್ಮನಾದ ಕಾಕಾ ವಿಜಯಪುರದ ರಸ್ತೆಗೆ ಒಂದು ಧಾಬಾ ತೆರೆದಿದ್ದಾನೆ, ಹಳ್ಳಿಯ ಸೊಗಡಿನದು. ಅಲ್ಲಿ ಒಳಕಲ್ಲಿನ ಮೇಲೆ ಕೈ ತೊಳೆಯುವ ನಳವಿದೆ, ಬಂಡಿಯ ಗಾಲಿಗೆ ದೀಪದ ಸರ ಜೋತುಬಿದ್ದಿದೆ, ಬೀಸುವ ಕಲ್ಲು ಬಡೇಸೋಪಿನ ತಟ್ಟೆಯನ್ನು ಹೊತ್ತು ನಿಂತಿದೆ. ಹಳ್ಳಿಯಲ್ಲಿ ದುಡಿದದ್ದೆಲ್ಲ ಅಲ್ಲಿ ನಿವೃತ್ತಿಯಾಗಿ ಗಿರಾಕಿಗಳಿಗೆ ಸಲಾಮು ಹೊಡೆಯುತ್ತದೆ. ಇಂಜಿನ್ನನ್ನು ಗೇಟಿನ ಬಳಿ ನಿಲ್ಲಿಸಿ, ಯಾರೂ ತಿರುಗಿಸದಂತೆ ಒಳಗೆ ಸಿಮೆಂಟು ತುಂಬಿ, ಬಂಗಾರದ ಬಣ್ಣ ಹೊಡೆಯುವುದು ಅವನ ಯೋಜನೆ. ನಾನು ಬೇಡವೆಂದದ್ದಕ್ಕೆ, "ನನ್ನ ಧಾಬಾದಾಗ ನಿಂತ್ರ ನಾಕ್ ಮಂದಿ ಫೋಟೋ ತಕ್ಕೋತಾರೋ. ಇಲ್ಲಿ ಯಾರ ನೋಡ್ತಾರ, ಎಮ್ಮಿ?" ಎಂದ.

ನಾನಾಗಲೇ ಮೊಬೈಲಿನಲ್ಲಿ ಇಂಜಿನ್ ವಿದ್ಯೆಯನ್ನು ಅರೆದು ಕುಡಿದಿದ್ದೆ. ಕಂಡಿಲ್ಲದ ದೇಶಗಳ ಬಿಳಿಗಡ್ಡದ ಮುದುಕರು ತಮ್ಮ ಹಿತ್ತಲಿನಲ್ಲಿ ತುಕ್ಕು ಹಿಡಿದ ಇಂಜಿನ್ ಎಬ್ಬಿಸುವ ವಿಡಿಯೋಗಳನ್ನು ನೋಡಿ ನೋಡಿ, ಅವರ ಭಾಷೆ ತಿಳಿಯದಿದ್ದರೂ ಅವರ ನಿಟ್ಟುಸಿರು ತಿಳಿಯುವಷ್ಟು ಪಂಡಿತನಾಗಿದ್ದೆ. ಅದನ್ನು ಓಡಿಸುತ್ತೇನೆ ಎಂದುಬಿಟ್ಟೆ. ತಮ್ಮನಿಗೂ ಮಗನಿಗೂ ನಡುವೆ ಸಿಕ್ಕಿದ್ದ ಅಪ್ಪ ಎಲ್ಲರೆದುರು ತೀರ್ಪು ಕೊಟ್ಟ: "ಖಂಡೇ ಪೂಜಿ ದಿವ್ಸ ಆಯಿ ಊದಿನಕಡ್ಡಿ ಹಚ್ಚಿದಾಗ ಚಾಲೂ ಆಗಬೇಕು, ಆರತಿ ಮುಗಿಯೂ ತನಕ ನಿಲ್ಲಬಾರ್ದು. ಓಡಿದ್ರ ನಿಂದು. ನಿಂತ್ರ ನಿಮ್ಮ ಕಾಕಾಂದು."

ಬೆಕ್ಕಿಗೆ ಬೇರೆ ಮನೆ ಹುಡುಕಿಕೊಟ್ಟು ಕೆಲಸಕ್ಕೆ ಇಳಿದೆ. ಪಿಸ್ಟನ್ ಸಿಲಿಂಡರಿಗೆ ಅಂಟಿ ಒಂದೇ ಲೋಹವಾದಂತಿತ್ತು. ಡೀಸೆಲು ಸುರಿದು ನೆನೆಹಾಕಿ, ಕಟ್ಟಿಗೆಯ ತುಂಡಿಟ್ಟು ಬಡಿದು, ಅದು ಕೂದಲೆಳೆಯಷ್ಟು ಸರಿದ ದಿನ ನಾನು ಕುಣಿದದ್ದನ್ನು ಕಂಡು ಅವ್ವ ಏನು ಹಾವು ಬಂತೇ ಎಂದು ಓಡಿ ಬಂದಿದ್ದಳು. ವಾಲ್ವು ಅರೆದೆ, ರಿಂಗು ಬದಲಿಸಿದೆ, ಬಣ್ಣದ ಪದರಗಳನ್ನು ಒಂದೊಂದಾಗಿ ಕೆರೆದು ಎಣ್ಣೆಯ ತೂತುಗಳನ್ನೆಲ್ಲ ಬಿಡಿಸಿದೆ. ಕೆರೆಯದೆ ಬಿಟ್ಟದ್ದು ಒಂದನ್ನೇ, ಆ ಹಿತ್ತಾಳೆಯ ಮುಚ್ಚಳವನ್ನು. ಅದರ ಮೇಲೆ ವರ್ಷಗಳ ಕುಂಕುಮ ಗಟ್ಟಿಯಾಗಿ ಕೂತಿತ್ತು. ಆಯಿಯ ಕೈಯ ಬೊಟ್ಟಿಗೆ ಬ್ಲೇಡು ಹಾಕುವುದು ಹೇಗೆ? ಇಂಜಿನ್ನನ್ನು ನೆತ್ತಿಯಿಂದ ಪಾದದವರೆಗೆ ಬಿಚ್ಚಿ ಹರವಿದ್ದ ನನಗೆ ಆ ಒಂದು ಬೊಟ್ಟಿನ ಎದುರು ಮಾತ್ರ ಭಕ್ತಿ ಅಡ್ಡ ಬಂತು.

ಕೊನೆಗೆ ಒಂದು ಸಂಜೆ ಹ್ಯಾಂಡಲ್ ತಿರುಗಿಸಿದಾಗ, ಒಂದು ಕೆಮ್ಮು, ಒಂದು ಕರಿಹೊಗೆಯ ಮುದ್ದೆ, ಆಮೇಲೆ ಡಗ್, ಡಗ್, ಡಗ್. ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ನನ್ನ ಕಣ್ಣು ತುಂಬಿ ಬರುವ ಹೊತ್ತಿಗೆ ಇಂಜಿನ್ನಿನ ದನಿ ಇಳಿಯಿತು, ತೊದಲಿತು, ನಿಂತಿತು. ಟಾಕಿಯ ಮುಚ್ಚಳ ತೆಗೆದು ನೋಡಿದರೆ ಡೀಸೆಲು ತುಂಬಿದೆ. ಮುಚ್ಚಿ, ಪೈಪಿನೊಳಗಿನ ಗಾಳಿ ಬಿಡಿಸಿ, ತಿರುಗಿಸಿದರೆ ಮತ್ತೆ ಶುರು. ಸ್ವಲ್ಪ ಹೊತ್ತಿಗೆ ಮತ್ತೆ ಮೌನ. ಮುತ್ಯಾನ ಕಾಲದ ದಣಿವು ಅದಕ್ಕೆ ಇನ್ನೂ ಹೋಗಿರಲಿಲ್ಲ.

ಆಗ ಬಂದರು ನೋಡಿ, ಸಲಹೆಗಾರರು. ನಮ್ಮ ಊರಿನಲ್ಲಿ ಓಡುವ ಯಂತ್ರವನ್ನು ಯಾರೂ ನೋಡುವುದಿಲ್ಲ, ನಿಂತ ಯಂತ್ರದ ಸುತ್ತ ಜಾತ್ರೆ ನೆರೆಯುತ್ತದೆ. ಒಬ್ಬರು ದೃಷ್ಟಿಯಾಗಿದೆ ಎಂದು ಲಿಂಬೆಹಣ್ಣು ಕಟ್ಟಿದರು, ಇನ್ನೊಬ್ಬರು ಅದರ ಮುಖ ದಕ್ಷಿಣಕ್ಕಿದೆ ಎಂದು ತಿರುಗಿಸಲು ಹೇಳಿದರು. ಜತ್ತದಲ್ಲಿ ಲೇಥ್ ಅಂಗಡಿ ಇಟ್ಟಿರುವ ದಸ್ತಗೀರ ಚಾಚಾನನ್ನು ಮೋಟರ್‌ಸೈಕಲ್ಲಿನ ಮೇಲೆ ಕರೆತಂದೆ. ಅವರು ಇಂಜಿನ್ನಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ, "ತಮ್ಮಾ, ಇದು ಪಂಪಿನ ಕಸೂರು, ನನ್ನ ಕಿವಿ ಸುಳ್ಳ ಹೇಳೂದಿಲ್ಲ" ಎಂದರು. ಪಂಪು ಬದಲಿಸಿದೆ. ಮುಂದಿನ ಸಲ ಅದೇ ಕಿವಿ ನಾಝಲ್ ಎಂದಿತು, ಆಮೇಲೆ ಡೀಸೆಲಿನಲ್ಲೇ ಬೆರಕೆ ಎಂದಿತು, ಕಡೆಗೆ ಇಂಜಿನ್ನಿಗೆ ನನ್ನ ಮೇಲೆ ಮನಸ್ಸಿಲ್ಲ ಎಂದು ಷರಾ ಬರೆಯಿತು. ಮೊಬೈಲಿನ ಇಂಜಿನ್ ಬಳಗದಲ್ಲಿ ಕೇಳಿದರೆ, ದೊಡ್ಡ ಊರುಗಳ ರಸಿಕರು ನನ್ನ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಹಳೆಯ ಬಣ್ಣ ಕೆರೆದು ಇತಿಹಾಸ ಹಾಳುಮಾಡಿದೆ ಎಂದು ಬೈದರು. ನಮ್ಮ ತಿಜೋರಿಯ ಬಣ್ಣವೂ ಇತಿಹಾಸವೆಂದು ಆ ದಿನ ತಿಳಿಯಿತು. ಪೂಜೆ ಹತ್ತಿರ ಬಂತು. ಕಾಕಾ ಬಂಗಾರದ ಬಣ್ಣದ ಡಬ್ಬಿಯನ್ನು ಆಗಲೇ ಕೊಂಡು ಗಾಡಿಯಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಪೂಜೆಯ ಹಿಂದಿನ ದಿನ ಆಯಿ ಎಂದಿನಂತೆ ಹಿತ್ತಾಳೆಯ ಸಾಮಾನುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂತವಳು, ಈ ಸಲ ಇಂಜಿನ್ನಿಗೆ ಬಣ್ಣ ಹೊಡೆಯಲು ನಾನು ಬಿಡದ್ದರಿಂದ, ಮುಚ್ಚಳವಾದರೂ ಹೊಳೆಯಲಿ ಎಂದು ಅದನ್ನು ಬಿಚ್ಚಿಕೊಂಡು ಹೋಗಿದ್ದಳು. ನನಗೆ ಗೊತ್ತಿರಲಿಲ್ಲ. ನಾನು ಸೋತ ಮನಸ್ಸಿನಿಂದ ಒಮ್ಮೆ ಹ್ಯಾಂಡಲ್ ತಿರುಗಿಸಿ, ಅದು ನಿಲ್ಲುವುದನ್ನೇ ಕಾಯುತ್ತ ಕೂತೆ. ನಿಲ್ಲಲಿಲ್ಲ. ನಾನು ಚಹಾ ಕುಡಿದೆ, ಅದು ಓಡುತ್ತಿತ್ತು. ಎಮ್ಮೆಗೆ ನೀರು ಕುಡಿಸಿ ಬಂದೆ, ಓಡುತ್ತಿತ್ತು. ಆಗ ಆಯಿ ಒದ್ದೆ ಕೈಯಲ್ಲಿ ಮುಚ್ಚಳ ಹಿಡಿದು ಬಂದಳು, ಮುಖ ಸಪ್ಪಗಿತ್ತು.

"ತಿಕ್ಕಿ ತಿಕ್ಕಿ ತೂತ ಬಿತ್ತು ನೋಡೋ ತಮ್ಮಾ. ಇಂಥಾದು ಈಗ ಎಲ್ಲಿ ಸಿಗತೈತಿ?"

ಮುಚ್ಚಳದ ನಟ್ಟನಡುವೆ, ಬೊಟ್ಟಿನ ತಗ್ಗಿನಲ್ಲಿ, ಸೂಜಿ ದಾಟುವಷ್ಟು ಸಣ್ಣ ತೂತು. ಬಿದ್ದ ತೂತಲ್ಲ, ಮಾಡಿದವರೇ ಇಟ್ಟ ತೂತು. ಟಾಕಿಯಿಂದ ಡೀಸೆಲು ಇಳಿಯಬೇಕಾದರೆ ಅದರ ಜಾಗಕ್ಕೆ ಗಾಳಿ ಬರಬೇಕು, ಆ ಗಾಳಿಯ ದಾರಿ ಅದು. ಅದರ ಮೇಲೆ ಕುಂಕುಮ ಕೂತು ಕಲ್ಲಾಗಿತ್ತು. ಇಂಜಿನ್ ನಿಂತಾಗಲೆಲ್ಲ ರೋಗ ಏನೆಂದು ನೋಡಲು ನಾನು ಮುಚ್ಚಳ ತೆಗೆಯುತ್ತಿದ್ದೆ, ತೆಗೆದದ್ದೇ ಔಷಧವಾಗಿ ಅದು ಮತ್ತೆ ಶುರುವಾಗುತ್ತಿತ್ತು, ನಾನು ಶ್ರದ್ಧೆಯಿಂದ ಮುಚ್ಚಳ ಬಿಗಿದು ಅದರ ಕುತ್ತಿಗೆ ಮತ್ತೆ ಹಿಚುಕುತ್ತಿದ್ದೆ.

ಎಣ್ಣೆಯ ಡಬ್ಬಿಯಿಂದ ಎಣ್ಣೆ ಸರಾಗವಾಗಿ ಬೀಳಲೆಂದು ಇನ್ನೊಂದು ತೂತು ಹೊಡೆಯುತ್ತೀಯಲ್ಲ, ಇದೂ ಹಾಗೆಯೇ, ಇಂಜಿನ್ನಿನ ಮೂಗು ಇದು ಎಂದು ಆಯಿಗೆ ಬಿಡಿಸಿ ಹೇಳಿದೆ. ಅವಳು ಆ ತೂತನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಹಂಗಾರ ನಿಮ್ಮ ಮುತ್ಯಾ ಬಾವಿ ಮ್ಯಾಲ ಅದಕ್ಕ ಬೈಕೋತ ಕುಂಡ್ರತಿದ್ರಲ್ಲ, ಅವಾಗೂ ಇದ ಕುಂಕುಮ ಏನ?"

"ಗೊತ್ತಿಲ್ಲ ಆಯಿ."

"ಸುಳ್ಳ ಹೇಳಾಕೂ ಬರೂದಿಲ್ಲ ನಿನಗ," ಎಂದು ಮುಚ್ಚಳವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಇಲ್ಲಿ ನಾನು ಆಯಿಯನ್ನು ನೋಡಿ ನಕ್ಕುಬಿಟ್ಟರೆ ನನ್ನಂಥ ಮೂರ್ಖ ಇನ್ನಿಲ್ಲ, ಏಕೆಂದರೆ ಅವಳು ಬರೀ ಒಂದು ಇಂಜಿನ್ನಿಗೆ ಮಾಡಿದ್ದನ್ನು ನಾವೆಲ್ಲ ಸೇರಿ ಎಷ್ಟಕ್ಕೆ ಮಾಡಿದ್ದೇವೆ ಹೇಳಿ. ಬಾವಿಗೆ ಗಂಗೆಯೆಂದು ಹೂ ಎರಚಿ ಎರಚಿ ಹೂಳು ತುಂಬಿಸಿದ್ದೇವೆ. ಮಾಸ್ತರರಿಗೆ ಶಾಲು ಹೊದಿಸಿ, ಸೋರುವ ಶಾಲೆಯ ಮಾತು ಅವರು ಎತ್ತದಂತೆ ಬೆಚ್ಚಗೆ ಕೂರಿಸಿದ್ದೇವೆ. ಈ ಗಡಿಯಲ್ಲಿ ನಮ್ಮ ಕನ್ನಡಕ್ಕೂ ನವೆಂಬರಿನಲ್ಲಿ ಹಾರ ಹಾಕಿ ಆರತಿ ಎತ್ತಿ, ಉಳಿದ ತಿಂಗಳು ಮಕ್ಕಳ ಪಾಟಿಚೀಲದಲ್ಲಿ ಅದಕ್ಕೆ ಜಾಗವಿಲ್ಲದಂತೆ ನೋಡಿಕೊಂಡಿದ್ದೇವೆ. ಮುಗಿದ ಕೈಯಲ್ಲಿ ಪಾನಾ ಹಿಡಿಯಲು ಬರುವುದಿಲ್ಲ, ಬಹುಶಃ ಅದಕ್ಕೇ ನಾವು ಇಷ್ಟು ಬೇಗ ಕೈ ಮುಗಿಯುತ್ತೇವೆ. ಒಂದು ವಸ್ತುವನ್ನು ದೇವರು ಮಾಡಿದರೆ ಅದರ ರಿಪೇರಿಯ ಕೆಲಸ ತಪ್ಪುತ್ತದೆ. ಕಾಕಾನ ಬಂಗಾರದ ಬಣ್ಣವೂ ಬೇರೇನಲ್ಲ, ಪೂಜೆಯೇ, ಭಕ್ತರು ಬಿಲ್ಲು ಕೊಟ್ಟು ಹೋಗುತ್ತಾರೆ ಅಷ್ಟೇ.

ಪೂಜೆಯ ದಿನ ಆಯಿ ಊದಿನಕಡ್ಡಿ ಹಚ್ಚಿದಳು, ನಾನು ಹ್ಯಾಂಡಲ್ ತಿರುಗಿಸಿದೆ, ಅಂಗಳಕ್ಕೆ ತಂದಿಟ್ಟಿದ್ದ ಇಂಜಿನ್ ಶುರುವಾಯಿತು. ಕುಡುಗೋಲಿಗೆ ಪೂಜೆಯಾಯಿತು, ಹೊಲಿಗೆ ಯಂತ್ರಕ್ಕಾಯಿತು, ಮಿಕ್ಸರಿಗಾಯಿತು. ಇಂಜಿನ್ನಿನ ಹಳೆಯ ಚಾಳಿ ಬಲ್ಲ ಕಾಕಾ ಇಸ್ತ್ರಿಯ ಅಂಗಿಯಲ್ಲಿ ನಗುತ್ತ ನಿಂತಿದ್ದ. ಇಂಜಿನ್ ನಿಲ್ಲದಿದ್ದಾಗ ಅವನ ಭಕ್ತಿ ಉಕ್ಕಿತು. ಅವ್ವಾ, ನನ್ನ ಮೋಟರ್‌ಸೈಕಲ್ಲಿಗೂ ಆಗಲಿ ಎಂದು ಆಯಿಗೆ ಹೇಳಿದ. ಅದಕ್ಕಾದ ಮೇಲೆ ಗಾಡಿಗೆ, ಗಾಡಿಯ ಜಾಕಿಗೆ, ಧಾಬಾದ ಕೀಲಿಕೈಗಳ ಗೊಂಚಲಿಗೆ. ಖಂಡೇ ಪೂಜೆಯನ್ನು ಅಷ್ಟು ಆಸ್ಥೆಯಿಂದ ಬೆಳೆಸಿದವನನ್ನು ನಾನು ಕಂಡಿಲ್ಲ. ಇಂಜಿನ್ ಡಗ್ ಡಗ್ ಎನ್ನುತ್ತಲೇ ಇತ್ತು. ಕೊನೆಗೆ ಅವನು ಆ ಸದ್ದಿನ ಮೇಲೆ ಕೂಗಿ ಕೇಳಿದ, "ಓಡ್ತು ಬಿಡು. ಈಗ ಏನ್ ಮಾಡ್ತಿ ಇದರ್ಲೆ? ನೀರೆತ್ತಾಕ ಮೋಟರ್ ಐತಿ."

ಇಷ್ಟು ದಿನ ಮೈ ಕೈ ಮಸಿ ಮಾಡಿಕೊಂಡು ಎಬ್ಬಿಸಿದ ಯಂತ್ರದಿಂದ ನನಗೆ ಒಂದು ಕೊಡ ನೀರೂ ಬೇಕಿರಲಿಲ್ಲ.

ಎಲ್ಲ ಮುಗಿದು ಇಂಜಿನ್ನಿನ ಸರದಿ ಬಂತು. ಆಯಿ ತಟ್ಟೆ ಹಿಡಿದು ಬಂದಳು, ಹೆಬ್ಬೆರಳಿಗೆ ಕುಂಕುಮ ಅದ್ದಿದಳು, ಕೈ ತಾನಾಗಿಯೇ ಮುಚ್ಚಳದ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ನನ್ನ ಕಡೆ ತಿರುಗಿದಳು.

"ಇದು ಮೂಗು ಅಂದಿ. ಹಂಗಾರ ಇದರ ಹಣಿ ಎಲ್ಲೈತಿ, ತೋರ್ಸು."

ಸ್ನೇಹಿತರೇ, ಆ ಇಂಜಿನ್ನಿನ ಪ್ರತಿ ವಾಶರಿನ ಹೆಸರೂ ನನಗೆ ಬಾಯಿಪಾಠ. ಹಣೆ ಯಾವುದೆಂದು ನೋಡಿದ ಒಂದು ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ. ನಾನು ತಡವರಿಸುವುದನ್ನು ಕಂಡು ಅವಳೇ ಇಂಜಿನ್ನನ್ನು ಮೇಲಿಂದ ಕೆಳಗೆ ನೋಡಿ, ನೀರಿನ ಹೊಟ್ಟೆಯ ಮುಂಭಾಗದಲ್ಲಿ, ನಾನು ಬಣ್ಣ ಕೆರೆದು ಬರಿಗಬ್ಬಿಣ ಕಾಣುವಂತೆ ಮಾಡಿದ್ದ ಜಾಗದಲ್ಲಿ ಹೆಬ್ಬೆರಳೊತ್ತಿದಳು, ಒತ್ತಿದವಳೇ ಥಟ್ಟನೆ ಕೈ ಹಿಂದೆಳೆದುಕೊಂಡಳು. ಇಷ್ಟು ವರ್ಷ ತಣ್ಣನೆಯ ಕಬ್ಬಿಣಕ್ಕೆ ಬೊಟ್ಟಿಟ್ಟು ರೂಢಿಯಾದ ಬೆರಳು ಅದು.

"ಬಿಸಿ ಐತಿ," ಎಂದಳು, ಅಪ್ಪನಿಗೂ ಅಲ್ಲ, ಕಾಕಾನಿಗೂ ಅಲ್ಲ, ಯಾರಿಗೋ ಹೇಳುವಂತೆ. ಆಮೇಲೆ ಅಂಗೈಯನ್ನೇ ಅದರ ಮೇಲೆ ಮೆಲ್ಲಗೆ ಇಟ್ಟು, ತಡೆಯಲಾಗುವಷ್ಟು ಹೊತ್ತು ಇಟ್ಟು, ಇನ್ನೊಂದು ಕೈಯಿಂದ ಆರತಿ ಎತ್ತಿದಳು. ಕಾಕಾ ಕೂಡ ಚಪ್ಪಲಿ ಬಿಟ್ಟು ನಿಂತ.

ನಿಮ್ಮ ಮನೆಯಲ್ಲೂ ಹೂ ಕುಂಕುಮದ ಕೆಳಗೆ ಉಸಿರು ಹಿಡಿದು ಕೂತ ಯಂತ್ರವೋ, ಮನುಷ್ಯರೋ ಇದ್ದೇ ಇರುತ್ತಾರೆ. ಮುಚ್ಚಳ ತೆಗೆದು ನೋಡಿದ್ದೀರಾ? ನೋಡಿದ್ದರೆ ಏನಾಯಿತೆಂದು ನನಗೆ ಬರೆಯಿರಿ. ಓಡಲಿಲ್ಲವೆಂದರೂ ಬರೆಯಿರಿ. ಹಾಗೆಯೇ, ಇಂಜಿನ್ನಿನ ಹಣೆ ನಿಜಕ್ಕೂ ಎಲ್ಲಿರುತ್ತದೆ ಎಂದು ಬಲ್ಲವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ದಸರೆಗೆ ಆಯಿ ಮತ್ತೆ ಕೇಳುವವಳೇ.